ಗೊತ್ತಿದ್ದೂ ತಪ್ಪಿದ ಲೆಕ್ಕ

ದೊಡ್ಡಪ್ಪ: 37/4 ಬರಬೇಕಾದ ಕಡೆ 61/4ಕ್ಕೆ ಗುರುತು ಹಾಕಿದ್ದೀಯಲ್ಲ, ಇದೇನು?

ಹುಡುಗಿ: ಸಿಲ್ಲಿ ಮಿಸ್ಟೇಕ್, ದೊಡ್ಡಪ್ಪ. ಲೆಕ್ಕ ಗೊತ್ತು. ಮೂಲಗಳ ಮೊತ್ತದ ವರ್ಗ ತಗೊಂಡು, ಅದರಲ್ಲಿ ಗುಣಲಬ್ಧದ ಎರಡರಷ್ಟು ಕಳೀಬೇಕು. ಕಳೆಯೋ ಕಡೆ ಕೂಡಿಬಿಟ್ಟೆ. ಅಷ್ಟೇ.

ದೊಡ್ಡಪ್ಪ: ಅಷ್ಟೇ ಅಂದ್ರೆ?

ಹುಡುಗಿ: ಅಷ್ಟೇ ಅಂದ್ರೆ, ನನಗೆ ಗಣಿತ ಬರಲ್ಲ ಅಂತ ಅರ್ಥ ಅಲ್ಲ.

ಇಬ್ಬರ ಮಾತಿಗೆ ಕಾರಣವಾದದ್ದು ಒಂದು ಮಾಕ್ ಟೆಸ್ಟಿನ ಹಾಳೆ. ಹುಡುಗಿ ಎರಡನೇ ಪಿಯುಸಿ, ಪಿಸಿಎಂ. ಮುಂದೆ ಸಿಇಟಿ ಇದೆ, ಜೆಇಇ ಮೇನ್ ಇದೆ. ದೊಡ್ಡಪ್ಪ ಬ್ಯಾಂಕಿನಿಂದ ನಿವೃತ್ತರು. ಲೆಡ್ಜರನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಗುಮಾಸ್ತರಾಗಿ ಸೇರಿ, ಕಂಪ್ಯೂಟರ್ ಬಂದು ಕೂತ ಮೇಲೆ ಮ್ಯಾನೇಜರಾಗಿ ಹೊರಬಂದವರು. ತಮ್ಮನ ಮಗಳ ಉತ್ತರದ ಹಾಳೆ ನೋಡುವ ಹಕ್ಕು ತಮಗಿದೆ ಎಂದು ಅವರು ಯಾರನ್ನೂ ಕೇಳಿ ತೀರ್ಮಾನಿಸಿದ್ದಲ್ಲ. ಪ್ರಶ್ನೆ ಸುಲಭದ್ದೇ: 2ಎಕ್ಸ್² − 7ಎಕ್ಸ್ + 3 = 0 ಸಮೀಕರಣದ ಮೂಲಗಳ ವರ್ಗಗಳ ಮೊತ್ತ ಎಷ್ಟು? ಕೊಟ್ಟ ಆಯ್ಕೆಗಳು 37/4, 43/4, 49/4, 61/4.

ದೊಡ್ಡಪ್ಪ: ಆ ನಾಲ್ಕು ಆಯ್ಕೆಗಳನ್ನ ಒಂದ್ಸಲ ನೋಡು ಪುಟ್ಟಿ. ಕಳೆಯೋ ಬದಲು ಕೂಡಿದರೆ 61/4. ಎರಡರಿಂದ ಗುಣಿಸೋದು ಮರೆತರೆ 43/4. ವರ್ಗ ಮಾಡಿ ಮುಂದಕ್ಕೆ ಹೋಗದೆ ನಿಂತರೆ 49/4. ಪ್ರಶ್ನೆ ತೆಗೆದವನಿಗೆ ನೀನು ಎಲ್ಲೆಲ್ಲಿ ಎಡವ್ತೀಯ ಅಂತ ಮುಂಚೇನೇ ಗೊತ್ತು. ಮೂರು ಕಡೆ ಹೊಂಡ ತೋಡಿ ಕಾದು ಕೂತಿದ್ದಾನೆ.

ಹುಡುಗಿ: ಹಂಗಿದ್ರೆ ಎಲ್ಲರೂ ಅಲ್ಲೇ ಎಡವ್ತಾರೆ ಅಂತಾಯ್ತು. ಮತ್ತೆ ನನಗೊಬ್ಬಳಿಗೇ ಯಾಕೆ ಬೈಗುಳ? ಗಮನ ಇಲ್ಲ, ಮೊಬೈಲ್ ಜಾಸ್ತಿಯಾಯ್ತು, ರಾತ್ರಿ ನಿದ್ದೆ ಇಲ್ಲ...

ದೊಡ್ಡಪ್ಪ: ಮೊಬೈಲಿನ ಸುದ್ದಿ ನಾನು ಎತ್ತಲೇ ಇಲ್ಲ.

ಹುಡುಗಿ: ಅಮ್ಮ ಎತ್ತಿದ್ರು. ನೀವು ಪಕ್ಕದಲ್ಲಿ ಕೂತು ತಲೆ ಆಡಿಸಿದ್ರಿ.

ದೊಡ್ಡಪ್ಪ: ನಿಮ್ಮಮ್ಮ ಹೇಳಿದ್ದಕ್ಕೆ ತಲೆ ಆಡಿಸದೇ ಈ ಮನೇಲಿ ಕಾಫಿ ಸಿಗುತ್ತೇನಮ್ಮ? ಅದು ಬಿಡು. ನಾನು ಹೇಳ್ತಿರೋದು ಬೇರೆ. ಗಮನ ಕೊಡು, ಗಮನ ಕೊಡು ಅಂತ ಹೇಳಿದರೆ ಯಾರಿಗೂ ಏನೂ ಆಗಲ್ಲ. ನಮ್ಮ ಬ್ಯಾಂಕಲ್ಲಿ ಯಾವ ಮ್ಯಾನೇಜರೂ ಹಾಗೆ ಹೇಳಿ ಲೆಕ್ಕ ಸರಿ ಮಾಡಿಸಿದ್ದು ನಾನು ನೋಡಿಲ್ಲ. ಸಂಜೆ ಡೇ ಬುಕ್ ಟ್ಯಾಲಿ ಆಗದೆ ಮನೆಗೆ ಹೋಗೋ ಹಾಗಿರಲಿಲ್ಲ. ಎರಡು ಕಡೆ ಕೂಡಿದಾಗ ವ್ಯತ್ಯಾಸ ಬಂದರೆ ಆ ವ್ಯತ್ಯಾಸದ ಮುಖ ನೋಡ್ತಿದ್ವಿ. ಅದು 9ರಿಂದ ಭಾಗ ಹೋಗುತ್ತಾ? ಹಾಗಾದರೆ ಎಲ್ಲೋ ಅಂಕಿ ಹಿಂದುಮುಂದಾಗಿದೆ. 7,230 ಅನ್ನೋದನ್ನ ಯಾರೋ 7,320 ಅಂತ ಬರೆದಿದ್ದಾರೆ, 90 ಜಾಸ್ತಿ. ವ್ಯತ್ಯಾಸ ಸಮಸಂಖ್ಯೆನಾ? ಅದರ ಅರ್ಧ ಹುಡುಕು. 1,846 ಬಂತು ಅಂತಿಟ್ಕೋ, 923 ರೂಪಾಯಿ ವೌಚರ್ ಎಲ್ಲಿದೆ, ಡೆಬಿಟ್ಟಿಗೆ ಹೋಗಬೇಕಾದದ್ದು ಕ್ರೆಡಿಟ್ಟಿಗೆ ಹೋಗಿದೆಯಾ ಅಂತ. ಎಷ್ಟೋ ಸಲ ಹತ್ತು ನಿಮಿಷದಲ್ಲಿ ಸಿಗೋದು. ತಪ್ಪು ಅನ್ನೋದು ಎಲ್ಲಿಂದಲೋ ಬಂದು ಬೀಳೋದಲ್ಲ. ಅದಕ್ಕೆ ಬರೋ ದಾರಿ ಇದೆ.

ಹುಡುಗಿ: ಕೇಳೋಕೆ ಚೆನ್ನಾಗಿದೆ. ಆದರೆ ನೀವು ಒಂದು ವಿಷಯ ಬಿಟ್ಟುಬಿಟ್ರಿ. ತಪ್ಪಾಗಿದೆ ಅಂತ ನಿಮಗೆ ಲೆಡ್ಜರೇ ಹೇಳ್ತಿತ್ತು. ಎರಡು ಕಡೆ ಸಮ ಆಗಬೇಕು, ಆಗಿಲ್ಲ, ಹುಡುಕು. ನನ್ನ ಓಎಂಆರ್ ಶೀಟ್ ಏನು ಹೇಳುತ್ತೆ? 61/4ರ ವೃತ್ತ ತುಂಬಿದಾಗ ಅದು ನನ್ನ ಕಡೆ ನೋಡಿ 'ಯಾಕೋ 6 ಜಾಸ್ತಿಯಾಯ್ತು ತಾಯಿ' ಅನ್ನುತ್ತಾ? ಸರಿ ಉತ್ತರ ತುಂಬಿದಾಗ ಎಷ್ಟು ನೆಮ್ಮದಿ ಇರುತ್ತೋ ತಪ್ಪು ಉತ್ತರ ತುಂಬಿದಾಗಲೂ ಅಷ್ಟೇ ನೆಮ್ಮದಿ ಇರುತ್ತೆ.

ದೊಡ್ಡಪ್ಪ: ಅದು ಸರಿ.

ದೊಡ್ಡಪ್ಪ 'ಅದು ಸರಿ' ಅನ್ನುವುದು ಅಪರೂಪ. ಅಂದ ಮೇಲೆ ಒಂದು 'ಆದರೆ' ಹಿಂದೆಯೇ ಬರುತ್ತದೆ ಎಂಬುದು ಮನೆಯವರಿಗೆಲ್ಲ ಗೊತ್ತು.

ದೊಡ್ಡಪ್ಪ: ಆದರೆ ಬ್ಯಾಂಕಲ್ಲಿ ಇನ್ನೊಂದು ಪದ್ಧತಿ ಇತ್ತು. ಬರೆದವನೇ ಚೆಕ್ ಮಾಡೋ ಹಾಗಿರಲಿಲ್ಲ. ಒಬ್ಬ ಬರೆದರೆ ಇನ್ನೊಬ್ಬ ನೋಡಿ ಸಹಿ ಹಾಕಬೇಕು. ಯಾಕೆ ಗೊತ್ತಾ? ಬರೆದವನ ಕಣ್ಣು ಹಾಳೆ ಮೇಲಿರೋದನ್ನ ಓದಲ್ಲ, ತಾನು ಏನು ಬರೆದೆ ಅಂದುಕೊಂಡಿದ್ದಾನೋ ಅದನ್ನ ಓದುತ್ತೆ. ನೀನು ಅದೇ ಲೆಕ್ಕಾನ ಅದೇ ಸಾಲಿಂದ ಮತ್ತೆ ಓದಿದರೆ ಪ್ಲಸ್ಸು ಮತ್ತೆ ಪ್ಲಸ್ಸಾಗೇ ಕಾಣುತ್ತೆ.

ಹುಡುಗಿ: ಪರೀಕ್ಷೆ ಹಾಲಲ್ಲಿ ಇನ್ನೊಬ್ಬಳನ್ನ ಎಲ್ಲಿಂದ ತರಲಿ?

ದೊಡ್ಡಪ್ಪ: ನೀನೇ ಇನ್ನೊಬ್ಬಳಾಗು. ಬೇರೆ ದಾರಿಯಿಂದ ಬಾ. ಮೇಲಿಂದ ಕೆಳಕ್ಕೆ ಕೂಡಿದ ಪಟ್ಟೀನ ನಾವು ಕೆಳಗಿಂದ ಮೇಲಕ್ಕೆ ಕೂಡ್ತಿದ್ವಿ. ಅದೇ ಅಂಕಿ, ಆದರೆ ಜೋಡಿ ಬೇರೆ ಬೇರೆ ಬೀಳ್ತಾವೆ. ಮೊದಲ ಸಲ 8 ಮತ್ತು 5 ಸೇರಿಸಿ 14 ಅಂದಿದ್ದರೆ ಎರಡನೇ ಸಲ ಆ ಜೋಡಿ ಎದುರಿಗೇ ಬರಲ್ಲ. ನಿನ್ನ ಈ ಲೆಕ್ಕಾನೇ ತಗೋ. ಸೂತ್ರ ಬಿಡು, ಅಪವರ್ತಿಸು. ಮೂಲ 3 ಒಂದು, 1/2 ಇನ್ನೊಂದು. 9ಕ್ಕೆ ಕಾಲು ಸೇರಿಸಿದರೆ ಒಂಬತ್ತೂಕಾಲು. ಅದೇ 37/4. 61/4 ಅಂದರೆ ಹದಿನೈದೂಕಾಲು. ಎಲ್ಲಿಯ ಒಂಬತ್ತು, ಎಲ್ಲಿಯ ಹದಿನೈದು!

ಹುಡುಗಿ: ಇದು ಅಪವರ್ತಿಸೋಕೆ ಬರೋ ಸಮೀಕರಣ ಆಗಿತ್ತು, ಅದಕ್ಕೆ ನಿಮಗೆ ಕಾಣಿಸ್ತು. ಜೆಇಇಯಲ್ಲಿ ಕೊಡೋದು ಹೀಗೆ ಒಡೆಯಲ್ಲ. ಒಡೆಯೋ ಹಾಗಿದ್ದರೆ ನಾನು ಮೊದಲೇ ಒಡೆದು ಮುಗಿಸ್ತಿದ್ದೆ. ಉತ್ತರ ಗೊತ್ತಾದ ಮೇಲೆ ಇನ್ನೊಂದು ದಾರಿ ಎಲ್ಲರಿಗೂ ಕಾಣುತ್ತೆ.

ದೊಡ್ಡಪ್ಪ: ವಿಲಿಯಂ ಶ್ಯಾಂಕ್ಸ್ ಅಂತ ಒಬ್ಬ ಇದ್ದ, ಇಂಗ್ಲೆಂಡಿನೋನು. ಕ್ಯಾಲ್ಕುಲೇಟರ್ ಇಲ್ಲ, ಏನಿಲ್ಲ. ಪೈ ಬೆಲೇನ ಕೈಯಲ್ಲೇ ಲೆಕ್ಕ ಹಾಕಿ, 1873ರಲ್ಲಿ 707 ಸ್ಥಾನದವರೆಗೆ ಪ್ರಕಟಿಸಿದ. ಲೋಕ ಕೈ ಮುಗೀತು. ಅದರಲ್ಲಿ 528ನೇ ಸ್ಥಾನದಿಂದ ಮುಂದೆ ಪೂರ್ತಿ ತಪ್ಪು. ಸುಮಾರು ಎಪ್ಪತ್ತು ವರ್ಷ ಯಾರಿಗೂ ತಿಳೀಲಿಲ್ಲ. ಫರ್ಗ್ಯುಸನ್ ಅನ್ನೋರು 1940ರ ದಶಕದಲ್ಲಿ ಬೇರೆ ಸೂತ್ರ ಹಿಡಿದು, ಮೇಜಿನ ಮೇಲಿಡೋ ಯಂತ್ರದಲ್ಲಿ ಲೆಕ್ಕ ಹಾಕಿದಾಗ ಸಿಕ್ಕಿಬಿತ್ತು. ನೋಡು, ಬೇರೆ ಸೂತ್ರ. ಶ್ಯಾಂಕ್ಸನ ದಾರೀಲೇ ಮತ್ತೆ ನಡೆದಿದ್ದರೆ ಎಡವಿದ ಕಡೆಯೇ ಎಡವಬಹುದಿತ್ತು.

ಹುಡುಗಿ: ದೊಡ್ಡಪ್ಪ, ಈ ಕತೆ ನನ್ನ ಕಡೆಗೇ ಸಾಕ್ಷಿ ಹೇಳ್ತಿದೆ.

ದೊಡ್ಡಪ್ಪ: ಹೆಂಗೆ?

ಹುಡುಗಿ: ಶ್ಯಾಂಕ್ಸಿಗೆ ಯಾರು ಅವಸರ ಮಾಡಿದ್ರು? ಅವನ ತಲೆ ಮೇಲೆ ಬೆಲ್ ಹೊಡೀತಿತ್ತಾ? ವರ್ಷಗಟ್ಟಲೆ ಟೈಮ್ ಇಟ್ಕೊಂಡೂ ತಪ್ಪಿದ. ನಿಧಾನವಾಗಿ ಮಾಡು, ತಪ್ಪಾಗಲ್ಲ ಅಂತ ಎಲ್ಲರೂ ಹೇಳ್ತಾರಲ್ಲ, ಅದು ಸುಳ್ಳು ಅಂತಾಯ್ತು. ಇನ್ನೊಂದು ಕಡೆ ಶಕುಂತಲಾದೇವಿ, ನಮ್ಮ ಬೆಂಗಳೂರಿನೋರು. 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆ ಕೊಟ್ಟು ಗುಣಿಸಿ ಅಂದ್ರು. 28 ಸೆಕೆಂಡಲ್ಲಿ ಉತ್ತರ ಹೇಳಿದ್ರು, ಸರಿಯಾಗಿ. ಅಂದ್ರೆ ವೇಗಕ್ಕೂ ತಪ್ಪಿಗೂ ಗಂಟು ಹಾಕೋದು ಬೇಡ.

ದೊಡ್ಡಪ್ಪ: ಶಕುಂತಲಾದೇವಿಯಂಥೋರನ್ನ ಉದಾಹರಣೆಗೆ ತರಬಾರದಮ್ಮ. ಅವರನ್ನ ನೋಡಿ ನಾವು ಬೆರಗಾಗಬಹುದು, ಪಾಠ ಕಲಿಯೋಕಾಗಲ್ಲ.

ಹುಡುಗಿ: ಶ್ಯಾಂಕ್ಸನಿಂದ ಮಾತ್ರ ಕಲೀಬಹುದೋ?

ಇಲ್ಲಿ ಸ್ವಲ್ಪ ಹೊತ್ತು ಮಾತು ನಿಂತಿತು. ಹುಡುಗಿಯ ವಾದ ಜಾಣತನದ್ದು, ಆದರೆ ಪೂರ್ತಿ ಸರಿಯೇನಲ್ಲ: ನಿಧಾನ ತಪ್ಪನ್ನು ತಡೆಯಲಿಲ್ಲ ಅಂದ ಮಾತ್ರಕ್ಕೆ ಅವಸರ ತಪ್ಪನ್ನು ಹೆಚ್ಚಿಸುವುದಿಲ್ಲ ಅಂತ ಆಗುವುದಿಲ್ಲ. ದೊಡ್ಡಪ್ಪನಿಗೆ ಇದು ಹೊಳೆಯಲಿಲ್ಲವೋ, ಹೊಳೆದೂ ಬಿಟ್ಟರೋ ತಿಳಿಯದು. ಅವರು ಪೆನ್ನು ಕೈಗೆತ್ತಿಕೊಂಡು ಹಾಳೆಯ ಹಿಂಭಾಗದಲ್ಲಿ 347 × 68 ಎಂದು ಬರೆದರು.

ದೊಡ್ಡಪ್ಪ: ಉತ್ತರ 23,596. ಸರಿಯಾ ತಪ್ಪಾ, ಮತ್ತೆ ಗುಣಿಸದೇ ಹೇಳು.

ಹುಡುಗಿ: ಅಂಕಿಗಳನ್ನ ಕೂಡೋದು ತಾನೇ? 347ರದ್ದು 14, ಅದು 5. 68ರದ್ದೂ 14, ಅದೂ 5. ಐದೈದಲೆ 25, ಅದು 7. ಉತ್ತರದ್ದು 2, 3, 5, 9, 6, ಕೂಡಿದರೆ 25, ಅದೂ 7. ಸರಿ ಹೋಯ್ತು. ಈಗ ನಾನು ಅದನ್ನೇ 23,956 ಅಂತ ಬರೀತೀನಿ. ಕೂಡಿ. ಅದೂ 25. ನಿಮ್ಮ ಪರೀಕ್ಷೆಯಲ್ಲಿ ಇದೂ ಪಾಸ್! ಕೊನೆ ಅಂಕಿ 6 ಕೂಡ ಸರಿ ಇದೆ. ಅಂದಾಜು 350ನ್ನ 70ರಿಂದ ಗುಣಿಸಿದರೆ 24,500, ಎರಡೂ ಅದರ ಅಕ್ಕಪಕ್ಕದಲ್ಲೇ ಇವೆ.

ದೊಡ್ಡಪ್ಪ: ಒಂಬತ್ತಕ್ಕೆ ಹಿಂದುಮುಂದಾದ ಅಂಕಿ ಕಾಣಲ್ಲ. ಆಗ ಹನ್ನೊಂದನ್ನ ಕರೀಬೇಕು. ಬಲಗಡೆಯಿಂದ ಒಂದು ಬಿಟ್ಟು ಒಂದು ಕಳೀತಾ ಹೋಗು. 347ಕ್ಕೆ 7 ಕಳೆ 4 ಕೂಡು 3, ಅಂದರೆ 6. 68ಕ್ಕೆ 8 ಕಳೆ 6, 2. ಗುಣಿಸಿದರೆ 12, ಹನ್ನೊಂದು ಕಳೆದರೆ 1. ಉತ್ತರದ್ದೂ 1 ಬರಬೇಕು. 23,596ಕ್ಕೆ 6 ಕಳೆ 9 ಕೂಡು 5 ಕಳೆ 3 ಕೂಡು 2, ಸರಿಯಾಗಿ 1. ನಿನ್ನ 23,956ಕ್ಕೆ 9 ಬರುತ್ತೆ. ಸಿಕ್ಕಿಬಿದ್ದೆ.

ಹುಡುಗಿ: ಸಿಕ್ಕಿಬಿದ್ದೆ, ಒಪ್ಪಿದೆ. ಆದರೆ ಒಂಬತ್ತನ್ನ ಕರೆದು, ಹನ್ನೊಂದನ್ನ ಕರೆದು, ಇಬ್ಬರಿಗೂ ಕಾಫಿ ಕೊಟ್ಟು ಕಳಿಸೋ ಹೊತ್ತಿಗೆ ನಾನು ಅದನ್ನ ಎರಡು ಸಲ ಗುಣಿಸಿರ್ತೀನಿ. 347ನ್ನ 70ರಿಂದ ಗುಣಿಸಿದರೆ 24,290. ಅದರಲ್ಲಿ 694 ಕಳೆದರೆ ಆಯ್ತು.

ದೊಡ್ಡಪ್ಪ: ನೋಡಿದ್ಯಾ, ನೀನೇ ಬೇರೆ ದಾರಿ ಹಿಡಿದೆ.

ಹುಡುಗಿ: ಎಂಟೆಂಟ್ಲೆ ಹಾಕೋಕೆ ಬೇಜಾರಾಯ್ತು, ಅದಕ್ಕೆ.

ದೊಡ್ಡಪ್ಪ: ಯಾವುದಕ್ಕಾದರೂ ಆಗಲಿ. ಲೀಲಾವತಿ ಕೇಳಿದ್ದೀಯಲ್ಲ, ಭಾಸ್ಕರಾಚಾರ್ಯರದ್ದು, 1150ರದ್ದು. ಅದರಲ್ಲಿ ಒಂದು ವಿಧಾನ ಇದೆ. ಕೊನೇಲಿ ಬಂದ ಸಂಖ್ಯೆಯಿಂದ ಹಿಂದಕ್ಕೆ ನಡೆಯೋದು. ಗುಣಿಸಿದ್ದ ಕಡೆ ಭಾಗಿಸು, ಕೂಡಿದ್ದ ಕಡೆ ಕಳೆ, ವರ್ಗ ಮಾಡಿದ್ದ ಕಡೆ ವರ್ಗಮೂಲ ತೆಗಿ. ಹೊರಟ ಜಾಗಕ್ಕೆ ಬಂದು ಸೇರಿದರೆ ಲೆಕ್ಕ ಸರಿ.

ಹುಡುಗಿ: ಅದನ್ನ ನಾವು ದಿನಾ ಮಾಡ್ತೀವಿ. ಆಯ್ಕೆ ಎತ್ಕೊಂಡು ಸಮೀಕರಣಕ್ಕೆ ಹಾಕಿ ನೋಡೋದು. ಸಿಇಟಿಯಲ್ಲಿ ಎಷ್ಟೋ ಪ್ರಶ್ನೆ ಹಾಗೇ ಬಿಡುತ್ತೆ, ಬಿಡಿಸೋದೇ ಬೇಡ. ಆದರೆ ಜೆಇಇಯಲ್ಲಿ ಗಣಿತದ 25 ಪ್ರಶ್ನೆಗಳಲ್ಲಿ 5ಕ್ಕೆ ಆಯ್ಕೆಯೇ ಇಲ್ಲ. ಸಂಖ್ಯೆ ಬಂದದ್ದನ್ನ ಟೈಪ್ ಮಾಡಬೇಕು. ಅಲ್ಲಿ ಹಿಂದಕ್ಕೆ ನಡೆಯೋಕೆ ದಾರಿಯೂ ಇಲ್ಲ, ಹೊಂಡ ನೋಡಿ ಎಚ್ಚರವಾಗೋಕೆ ಹೊಂಡವೂ ಇಲ್ಲ.

ದೊಡ್ಡಪ್ಪ: ಹೊಂಡವೂ ಒಂದು ಉಪಕಾರ ಅಂತೀಯ!

ಹುಡುಗಿ: ಹೌದು. ನನಗೆ ಬಂದ ಉತ್ತರ ನಾಲ್ಕರಲ್ಲಿ ಒಂದೂ ಆಗಿಲ್ಲ ಅಂದ್ರೆ ತಪ್ಪಾಗಿದೆ ಅಂತ ತಕ್ಷಣ ಗೊತ್ತಾಗುತ್ತೆ. ಅದು ನಿಮ್ಮ ಡೇ ಬುಕ್ ಟ್ಯಾಲಿ ಆಗದೆ ಇದ್ದ ಹಾಗೆ. ಟೈಪ್ ಮಾಡೋ ಪ್ರಶ್ನೆಗಳಲ್ಲಿ ಅದೂ ಹೋಯ್ತು.

ದೊಡ್ಡಪ್ಪ: ಸರಿ, ಹಾಗಾದರೆ ಟೈಮಿನ ಲೆಕ್ಕಾನೇ ಹಾಕೋಣ. ಜೆಇಇ ಹೇಗೆ?

ಹುಡುಗಿ: ಮೂರು ವಿಷಯ ಸೇರಿ 75 ಪ್ರಶ್ನೆ, 180 ನಿಮಿಷ. ಒಂದಕ್ಕೆ 2.4 ನಿಮಿಷ, ಅಂದ್ರೆ 144 ಸೆಕೆಂಡ್. ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಬಿಟ್ಟರೆ ಸೊನ್ನೆ.

ದೊಡ್ಡಪ್ಪ: ಅಂದರೆ ಗೊತ್ತಿದ್ದ ಲೆಕ್ಕ ತಪ್ಪಾದರೆ ಹೋಗೋದು 4 ಅಲ್ಲ, 5.

ಹುಡುಗಿ: 5. ಈಗ ಗಣಿತದಲ್ಲಿ ನಾನು 20 ಮಾಡಿದೆ ಅಂತಿಟ್ಕೊಳ್ಳಿ. ಒಂದೊಂದನ್ನೂ ಬೇರೆ ದಾರಿಯಿಂದ ನೋಡೋಕೆ 20 ಸೆಕೆಂಡ್ ಅಂದರೂ 400 ಸೆಕೆಂಡ್. ಅಷ್ಟು ಹೊತ್ತಲ್ಲಿ ಹತ್ತಿರ ಹತ್ತಿರ ಮೂರು ಹೊಸ ಪ್ರಶ್ನೆ ಮಾಡಬಹುದು. ಮೂರೂ ಸರಿಯಾದರೆ 12 ಅಂಕ.

ದೊಡ್ಡಪ್ಪ: ಆ 20ರಲ್ಲಿ ಎರಡು ಕಣ್ತಪ್ಪು ಹಿಡಿದರೆ 10 ಅಂಕ ವಾಪಸ್.

ಹುಡುಗಿ: 12 ದೊಡ್ಡದು.

ದೊಡ್ಡಪ್ಪ: ತಡಿ. ಉಳಿದಿರೋ ಐದು ಪ್ರಶ್ನೆ ಅಂದರೆ ನೀನು ಮೊದಲು ನೋಡಿ ಬಿಟ್ಟು ಬಂದದ್ದು. ಕಷ್ಟದ್ದು. ಅದೂ ಕೊನೇ ಗಳಿಗೇಲಿ. ಮೂರೂ ಸರಿ ಬರುತ್ತಾ? ಎರಡು ಸರಿ, ಒಂದು ತಪ್ಪು ಅಂತ ಇಟ್ಕೋ. 8 ಬಂತು, 1 ಹೋಯ್ತು, 7. ಈಗ ನನ್ನ 10 ದೊಡ್ಡದು.

ಹುಡುಗಿ: ನೀವು ಹಿಡೀತೀನಿ ಅಂದ ಎರಡು ತಪ್ಪು ಎರಡೂ ಸಿಗುತ್ತಾ? ಬರೆದವನ ಕಣ್ಣಿಗೆ ಕಾಣಲ್ಲ ಅಂತ ನೀವೇ ಹೇಳಿದ್ದು. ಒಂದು ಸಿಕ್ಕರೆ 5. ಮತ್ತೆ ನನ್ನ 7 ದೊಡ್ಡದು.

ಇಬ್ಬರೂ ನಕ್ಕರು. ಈ ಹಗ್ಗಜಗ್ಗಾಟ ಹೀಗೇ ಎಷ್ಟು ಹೊತ್ತು ಬೇಕಾದರೂ ನಡೆಯಬಹುದಿತ್ತು, ಯಾಕೆಂದರೆ ಇದರ ಉತ್ತರ ಇಬ್ಬರಿಗೂ ಗೊತ್ತಿಲ್ಲದ ಎರಡು ಸಂಖ್ಯೆಗಳ ಮೇಲೆ ನಿಂತಿದೆ: ಈ ಹುಡುಗಿ ಎಷ್ಟಕ್ಕೊಮ್ಮೆ ತಪ್ಪುತ್ತಾಳೆ, ತಪ್ಪಿದ್ದರಲ್ಲಿ ಎಷ್ಟನ್ನು ಅವಳೇ ಹಿಡಿಯಬಲ್ಲಳು. ಕೋಚಿಂಗಿನವರು ಸಾವಿರ ಮಕ್ಕಳಿಗೆ ಒಂದೇ ಸಲಹೆ ಕೊಡುವಾಗ ಈ ಎರಡು ಸಂಖ್ಯೆಗಳು ಮಗುವಿನಿಂದ ಮಗುವಿಗೆ ಬೇರೆ ಎಂಬುದನ್ನು ಮರೆಯುತ್ತಾರೆ. ಪೂರ್ತಿ ಪೇಪರ್ ಮುಗಿಸಿ ಹತ್ತು ತಪ್ಪು ಮಾಡುವವನಿಗೆ ಬೇಕಾದ ಬುದ್ಧಿಮಾತು, ಅರ್ಧ ಪೇಪರನ್ನು ಚೊಕ್ಕವಾಗಿ ಮಾಡಿ ಬೆಲ್ ಹೊಡೆಸಿಕೊಳ್ಳುವವನಿಗೆ ವಿಷ.

ಹುಡುಗಿ: ಸಿಇಟಿ ಇನ್ನೂ ಮೋಸ. 60 ಪ್ರಶ್ನೆ, 80 ನಿಮಿಷ. ಒಂದಕ್ಕೆ 80 ಸೆಕೆಂಡ್, ವೃತ್ತ ತುಂಬೋದೂ ಸೇರಿ. ಎಲ್ಲದಕ್ಕೂ 20 ಸೆಕೆಂಡ್ ಚೆಕ್ ಮಾಡ್ತಾ ಕೂತರೆ 20 ನಿಮಿಷ ಹೋಯ್ತು. ಅದು 15 ಪ್ರಶ್ನೆ. ಅಲ್ಲಿ ನೆಗೆಟಿವ್ ಮಾರ್ಕಿಂಗ್ ಬೇರೆ ಇಲ್ಲ. ತಪ್ಪು ಮಾಡಿದರೂ ಒಂದೇ ಅಂಕ ಹೋಗೋದು, ಬಿಟ್ಟರೂ ಒಂದೇ.

ದೊಡ್ಡಪ್ಪ: ಸಿಇಟಿಗೆ ನಾನು ವಾದ ಮಾಡಲ್ಲ. ಅಲ್ಲಿ 20 ಸೆಕೆಂಡಿನ ಪರೀಕ್ಷೆ ಆಗಲ್ಲ, 3 ಸೆಕೆಂಡಿನದು ಮಾಡು. ಉತ್ತರ ಧನ ಇರಬೇಕಾ, ಋಣ ಇರಬೇಕಾ? ದೊಡ್ಡದಿರಬೇಕಾ, ಚಿಕ್ಕದಿರಬೇಕಾ? ಸಂಭವನೀಯತೆ 1ಕ್ಕಿಂತ ಜಾಸ್ತಿ ಬಂದಿದೆಯಾ? ವಿಸ್ತೀರ್ಣ ಮೈನಸ್ ಬಂದಿದೆಯಾ?

ಹುಡುಗಿ: ಅದು ಮಾಡ್ತೀನಿ. ಆದರೆ ಆಯ್ಕೆ ಮಾಡಿಟ್ಟೋರು ಅಷ್ಟು ದಡ್ಡರಲ್ಲ. ನಾಲ್ಕೂ ಧನ, ನಾಲ್ಕೂ ಒಂದೇ ಅಳತೆಯವು. 37/4, 43/4, 49/4, 61/4. ಯಾವುದು ದೊಡ್ಡದಾಯ್ತು ಅಂತ ಹೇಳ್ತೀರ?

ದೊಡ್ಡಪ್ಪ: ಹಾಗಾದರೆ ಚೆಕ್ ಮಾಡೋದಕ್ಕಿಂತ ಮುಂಚೇನೇ ತಡೀಬೇಕು. ನಿನ್ನ ರಫ್ ಹಾಳೆ ತಾ.

ರಫ್ ಹಾಳೆ ಅಂದರೆ ಪರೀಕ್ಷೆ ಬರೆಯುವ ಮಕ್ಕಳ ನಿಜವಾದ ಮುಖ. ಹುಡುಗಿ ಕೊಡಲು ಹಿಂದೆಮುಂದೆ ನೋಡಿ, ಕೊನೆಗೆ ಕೊಟ್ಟಳು. ಮೂಲೆಯಿಂದ ಮೂಲೆಗೆ ಲೆಕ್ಕಗಳು. ಒಂದರ ಬಾಲ ಇನ್ನೊಂದರ ತಲೆಯ ಮೇಲೆ.

ದೊಡ್ಡಪ್ಪ: ಇದು 7 ಏನಮ್ಮ, 1 ಏನಮ್ಮ?

ಹುಡುಗಿ: 7. ಅಲ್ಲ, 1. ತಡೀರಿ.

ದೊಡ್ಡಪ್ಪ: ಈ ಝೆಡ್ಡು?

ಹುಡುಗಿ: ಅದು 2.

ದೊಡ್ಡಪ್ಪ: ನಿನಗೇ ಎರಡನೇ ಸಲ ಓದೋಕಾಗದ ಹಾಳೇಲಿ ತಪ್ಪಾಗದೇ ಇನ್ನೇನಾಗುತ್ತೆ? 7ರ ನಡುವೆ ಒಂದು ಗೀಟು, ಝೆಡ್ ನಡುವೆ ಒಂದು ಗೀಟು, ಮುಗೀತು. ಇಲ್ಲಿ ನೋಡು, 3ನ್ನ 8 ಮಾಡೋಕೆ ಅದರ ಮೇಲೇ ತಿದ್ದಿದ್ದೀಯ. ಬ್ಯಾಂಕಲ್ಲಿ ಇದು ಅಪರಾಧ. ಹೊಡೆದುಹಾಕಿ, ಪಕ್ಕದಲ್ಲಿ ಹೊಸದಾಗಿ ಬರೆದು ಸಹಿ ಹಾಕಬೇಕಾಗಿತ್ತು. ಹಾಳೇನ ಮಡಚಿ ಎರಡು ಕಂಬ ಮಾಡ್ಕೋ, ಪ್ರಶ್ನೆ ಸಂಖ್ಯೆ ಹಾಕು, ಒಂದು ಸಾಲಿಗೆ ಒಂದೇ ಸಮ ಚಿಹ್ನೆ.

ಹುಡುಗಿ: ಇದು ಒಪ್ತೀನಿ. ನಿಜ ಹೇಳ್ಬೇಕಂದ್ರೆ ನಾನೂ ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಟೆಸ್ಟ್ ಆದ ಮೇಲೆ ಯಾವ ಸಾಲಲ್ಲಿ ತಪ್ಪಿತು ಅಂತ ಬರೆಯೋದು. 'ಸಿಲ್ಲಿ ಮಿಸ್ಟೇಕ್' ಅಂತ ಬರೆಯೋ ಹಾಗಿಲ್ಲ, ಏನಾಯ್ತು ಅಂತ ಬರೀಬೇಕು. ನನ್ನದು ಜಾಸ್ತಿ ಮೂರು ಜಾಗದಲ್ಲಿ. ಆವರಣದ ಮುಂದೆ ಮೈನಸ್ ಇದ್ದಾಗ ಎರಡನೇ ಪದದ ಚಿಹ್ನೆ ಬದಲಾಯಿಸಲ್ಲ. 5ರಲ್ಲಿ 3ಎಕ್ಸ್ ಕಳೆ 4ನ್ನ ಕಳೆಯಿರಿ ಅಂದರೆ 9 ಕಳೆ 3ಎಕ್ಸ್ ಬರೋ ಬದಲು 1 ಕಳೆ 3ಎಕ್ಸ್ ಬರೆದುಬಿಡ್ತೀನಿ. ಆಮೇಲೆ ಸ್ಕ್ರೀನಿಂದ ಹಾಳೆಗೆ ಇಳಿಸ್ಕೊಳ್ಳೋವಾಗ. ಜೆಇಇ ಕಂಪ್ಯೂಟರಲ್ಲಿ ತಾನೇ, ತಲೆ ಮೇಲೆ ಕೆಳಗೆ ಆಡ್ತಾನೇ ಇರುತ್ತೆ, ನಡುವೆ ಒಂದು ಅಂಕಿ ಉದುರಿಹೋಗುತ್ತೆ. ಮೂರನೇದು 'ಇವುಗಳಲ್ಲಿ ಯಾವುದು ಸರಿಯಲ್ಲ' ಅಂತ ಕೇಳಿದಾಗ ಸರಿ ಇರೋದನ್ನ ಒತ್ತಿ ಬರೋದು.

ದೊಡ್ಡಪ್ಪ: ಇಷ್ಟು ಗೊತ್ತಿದ್ದೂ ನನ್ನ ಹತ್ತಿರ ಇಷ್ಟು ಹೊತ್ತು ಜಗಳ ಆಡಿದ್ಯಾ?

ಹುಡುಗಿ: ಗೊತ್ತಿರೋದು ಬೇರೆ, ನಿಲ್ಲೋದು ಬೇರೆ. ನೋಟ್‌ಬುಕ್ ಶುರುಮಾಡಿದ ಮೇಲೂ ಮೈನಸ್ ತಪ್ಪು ಬರ್ತಾನೇ ಇದೆ. ಕಷ್ಟದ ಲೆಕ್ಕದಲ್ಲಿ ಬರಲ್ಲ, ಅಲ್ಲಿ ಮೈಯೆಲ್ಲ ಕಣ್ಣಾಗಿರ್ತೀನಿ. ಸುಲಭದ್ದು ಬಂದ ತಕ್ಷಣ ಕೈ ತಾನಾಗೇ ಓಡುತ್ತೆ, ಮನಸ್ಸು ಮುಂದಿನ ಪ್ರಶ್ನೆಗೆ ಹೋಗಿರುತ್ತೆ. ನನ್ನ ನಿಜವಾದ ಕೋಪ ಎಲ್ಲಿದೆ ಗೊತ್ತಾ ದೊಡ್ಡಪ್ಪ? ಬೋರ್ಡ್ ಪರೀಕ್ಷೆಯಲ್ಲಿ ಇದೇ ತಪ್ಪು ಮಾಡಿದರೆ ಸ್ಟೆಪ್ ಮಾರ್ಕ್ಸ್ ಸಿಗುತ್ತೆ. ವಿಧಾನ ಸರಿ ಇದೆ ಅಂತ ಮೇಷ್ಟ್ರು ಅಂಕ ಕೊಡ್ತಾರೆ. ಇಲ್ಲಿ ಸಮಾಕಲನ ಪೂರ್ತಿ ಮಾಡಿ ಕೊನೇ ಸಾಲಲ್ಲಿ ಆರೇಳ್ಲೆ 48 ಅಂದವಳಿಗೂ, ಪ್ರಶ್ನೆಯೇ ಅರ್ಥವಾಗದೆ ಕಣ್ಣು ಮುಚ್ಚಿ ಒತ್ತಿದವನಿಗೂ ಒಂದೇ ಮರ್ಯಾದೆ. ಇದು ಗಣಿತದ ಪರೀಕ್ಷೆ ಹೆಂಗಾಗುತ್ತೆ?

ದೊಡ್ಡಪ್ಪ: ಕೌಂಟರಿಗೆ ಬಂದ ರೈತನ ಪಾಸ್‌ಬುಕ್ಕಲ್ಲಿ ನಾನು ಒಂದು ಸೊನ್ನೆ ಬಿಟ್ಟು, 'ವಿಧಾನ ಸರಿಯಾಗಿದೆ ಯಜಮಾನ್ರೇ, ಅರ್ಧ ಅಂಕ ಕೊಡಿ' ಅನ್ನೋಕಾಗ್ತಿತ್ತಾ? ನಾಳೆ ನೀನು ಸೇತುವೆ ಕಟ್ಟೋಳು. ಕಬ್ಬಿಣದ ಲೆಕ್ಕದಲ್ಲಿ ಚಿಹ್ನೆ ತಪ್ಪಿದರೆ ಸ್ಟೆಪ್ ಮಾರ್ಕ್ಸ್ ಕೊಡೋರು ಯಾರು?

ಹುಡುಗಿ: ಸೇತುವೆ ಕಟ್ಟೋ ಇಂಜಿನಿಯರ್ 144 ಸೆಕೆಂಡಲ್ಲಿ, ಕ್ಯಾಲ್ಕುಲೇಟರ್ ಇಲ್ಲದೆ, ಒಬ್ಬಳೇ ಕೂತು ಲೆಕ್ಕ ಹಾಕ್ತಾಳಾ? ನೀವೇ ಹೇಳಿದ್ರಿ, ಬ್ಯಾಂಕಲ್ಲಿ ಇನ್ನೊಬ್ಬರು ಸಹಿ ಹಾಕ್ತಿದ್ರು ಅಂತ. ತಮಾಷೆ ಇನ್ನೂ ಇದೆ. ಇಂಜಿನಿಯರಿಂಗ್ ಮುಗಿಸಿದೋರು ಬರೆಯೋ ಗೇಟ್ ಪರೀಕ್ಷೆಯಲ್ಲಿ ಸ್ಕ್ರೀನ್ ಮೇಲೇ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಡ್ತಾರೆ. ಎಂಬಿಎ ಸೇರೋರು ಬರೆಯೋ ಕ್ಯಾಟ್‌ನಲ್ಲಿ ಕೊಡ್ತಾರೆ. ಅಮೆರಿಕದ ಎಸ್‌ಎಟಿಯಲ್ಲಿ ಗ್ರಾಫ್ ಬರೆಯೋ ಕ್ಯಾಲ್ಕುಲೇಟರೇ ಸ್ಕ್ರೀನಲ್ಲಿ ಕೂತಿರುತ್ತೆ. ಇಂಜಿನಿಯರಿಂಗ್ ಸೇರೋಕೆ ಬರೆಯೋ ನಮಗೆ ಮಾತ್ರ ಇಲ್ಲ.

ದೊಡ್ಡಪ್ಪ: ಕ್ಯಾಲ್ಕುಲೇಟರ್ ಕೊಟ್ಟರೆ ಸಂಖ್ಯೆಗಳೂ ಕೆಟ್ಟದಾಗ್ತವೆ. ಈಗ ನಿನಗೆ 49/4 ಕೊಟ್ಟವರು ಆಗ 12.837 ಕೊಡ್ತಾರೆ. ಕೀಲಿ ಒತ್ತೋದರಲ್ಲೂ ಬೆರಳು ತಪ್ಪುತ್ತೆ. ಬ್ಯಾಂಕಿಗೆ ಕಂಪ್ಯೂಟರ್ ಬಂದಾಗ ತಪ್ಪೇ ಇರಲ್ಲ ಅಂತ ಹೇಳಿದ್ದರು. ಕೂಡೋ ತಪ್ಪು ಹೋಯ್ತು, ಒತ್ತೋ ತಪ್ಪು ಬಂತು. ಅದನ್ನ ಹುಡುಕೋದು ಇನ್ನೂ ಕಷ್ಟ, ಯಾಕಂದ್ರೆ ಅಚ್ಚಾದ ಅಂಕೀನ ಯಾರೂ ಅನುಮಾನಿಸ್ತಿರಲಿಲ್ಲ. ಆಮೇಲೆ ನಮ್ಮ ಸಿಇಟಿಯೋರು ಅಷ್ಟು ಕಟುಕರೂ ಅಲ್ಲ. ಇಂಜಿನಿಯರಿಂಗ್ ರ್‍ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದು ಕಡೆ ನಿನ್ನ ಸ್ಟೆಪ್ಪಿಗೆ ಬೆಲೆ ಇದೆ, ಇನ್ನೊಂದು ಕಡೆ ಉತ್ತರಕ್ಕೆ.

ಹುಡುಗಿ: ಆ ಅರ್ಧಕ್ಕೆ ಸಮಾಧಾನ ಇದೆ. ಜೆಇಇಗೆ ಇಲ್ಲ.

ದೊಡ್ಡಪ್ಪ: ಲಕ್ಷಗಟ್ಟಲೆ ಮಕ್ಕಳ ಉತ್ತರಪತ್ರಿಕೆ ಕೂತು ಓದೋ ಮೇಷ್ಟ್ರನ್ನ ಎಲ್ಲಿಂದ ತರ್ತೀಯ?

ಹುಡುಗಿ: ತರೋಕಾಗಲ್ಲ, ಗೊತ್ತು. ತರೋಕಾಗಲ್ಲ ಅನ್ನೋದನ್ನೇ ನ್ಯಾಯ ಅಂತ ಹೇಳಬೇಡಿ ಅಂದೆ, ಅಷ್ಟೇ.

ದೊಡ್ಡಪ್ಪ ಇದಕ್ಕೆ ಉತ್ತರ ಕೊಡಲಿಲ್ಲ. ಉತ್ತರ ಇದೆ ಅಂತ ನನಗೂ ಅನ್ನಿಸುವುದಿಲ್ಲ. ಪರೀಕ್ಷೆ ನಡೆಸುವವರ ಅನುಕೂಲ ನಿಯಮವಾಗುತ್ತದೆ, ನಿಯಮ ಹಳೆಯದಾದ ಮೇಲೆ ಅದಕ್ಕೊಂದು ನೀತಿಯ ಬಣ್ಣ ಬರುತ್ತದೆ. ಹಾಗಂತ ರೈತನ ಪಾಸ್‌ಬುಕ್ಕಿನ ಸೊನ್ನೆಯೂ ಸುಳ್ಳಲ್ಲ.

ದೊಡ್ಡಪ್ಪ: ಸರಿ, ಈಗ ಒಂದು ಕೆಲಸ ಮಾಡು. ಮುಂದಿನ ಮಾಕ್ ಟೆಸ್ಟನ್ನ ನನ್ನ ರೀತಿ ಬರಿ, ಎಲ್ಲ ಚೆಕ್ ಮಾಡ್ತಾ. ಅದರ ಮುಂದಿನದನ್ನ ನಿನ್ನ ರೀತಿ. ಯಾವುದರಲ್ಲಿ ಜಾಸ್ತಿ ಬರುತ್ತೆ ನೋಡೋಣ.

ಹುಡುಗಿ: ಎರಡು ಪೇಪರ್ ಒಂದೇ ಥರ ಕಷ್ಟ ಇರಲ್ಲವಲ್ಲ. ಒಂದರಲ್ಲಿ ತ್ರಿಕೋನಮಿತಿ ಜಾಸ್ತಿ ಬಂದರೆ ನಿಮ್ಮ ವಿಧಾನ ಸೋತಂತೆ ಕಾಣುತ್ತೆ.

ದೊಡ್ಡಪ್ಪ: ಒಂದೇ ಪೇಪರನ್ನ ಎರಡು ಸಲ ಬರಿ.

ಹುಡುಗಿ: ಎರಡನೇ ಸಲ ಉತ್ತರ ಗೊತ್ತಿರುತ್ತೆ.

ದೊಡ್ಡಪ್ಪ: ನಿನ್ನ ಹತ್ತಿರ ಮಾತಾಡೋಕಾಗಲ್ಲ. ನೀನೇ ಹೇಳು ಏನು ಮಾಡ್ತೀಯ.

ಹುಡುಗಿ: ಆವರಣದ ಮುಂದೆ ಮೈನಸ್ ಬಂದ ಕಡೆ ಮಾತ್ರ ನಿಲ್ತೀನಿ. ಅಲ್ಲೇ, ಆ ಸಾಲಲ್ಲೇ. ಎಕ್ಸ್‌ಗೆ 1 ಹಾಕಿ ಎರಡೂ ಕಡೆ ಒಂದೇ ಬರುತ್ತಾ ನೋಡ್ತೀನಿ. 5 ಕಳೆ ಮೈನಸ್ 1 ಅಂದರೆ 6, 9 ಕಳೆ 3 ಅಂದರೂ 6. ಉಳಿದದ್ದು ಚೆಕ್ ಮಾಡಲ್ಲ, ಮುಂದಕ್ಕೆ ಹೋಗ್ತೀನಿ.

ದೊಡ್ಡಪ್ಪ: ಪ್ರಶ್ನೆ ಇಳಿಸ್ಕೊಂಡದ್ದು?

ಹುಡುಗಿ: ಇಳಿಸ್ಕೊಂಡ ಮೇಲೆ ಒಂದ್ಸಲ ತಲೆ ಎತ್ತಿ ನೋಡ್ತೀನಿ. 'ಸರಿಯಲ್ಲ' ಅಂತ ಕೇಳಿದ ಕಡೆ ಆ ಪದದ ಕೆಳಗೆ ಗೆರೆ. ಜೆಇಇಯಲ್ಲಿ ಸ್ಕ್ರೀನ್ ಮೇಲೆ ಗೆರೆ ಎಳೆಯೋಕಾಗಲ್ಲ, ಹಾಳೇಲಿ ಪ್ರಶ್ನೆ ಸಂಖ್ಯೆ ಪಕ್ಕ ಒಂದು ಇಂಟು ಹಾಕ್ತೀನಿ.

ದೊಡ್ಡಪ್ಪ: ಸಿಇಟಿ ಓಎಂಆರ್? 23 ಬಿಟ್ಟು 24ರ ಉತ್ತರಾನ 23ರ ಸಾಲಲ್ಲಿ ತುಂಬಿದರೆ ಅಲ್ಲಿಂದ ಕೆಳಗೆ ಪೂರ್ತಿ ಹೋಯ್ತು. ಶ್ಯಾಂಕ್ಸನ 528.

ಹುಡುಗಿ: ಹತ್ತು ಪ್ರಶ್ನೆಗೊಂದ್ಸಲ ಸಂಖ್ಯೆ ನೋಡ್ಕೋತೀನಿ.

ದೊಡ್ಡಪ್ಪ: ಐದಕ್ಕೊಂದ್ಸಲ.

ಹುಡುಗಿ: ಹತ್ತಕ್ಕೆ, ದೊಡ್ಡಪ್ಪ.

ದೊಡ್ಡಪ್ಪ: ಐದಕ್ಕೆ ನೋಡಿದರೆ ಎಷ್ಟು ಸೆಕೆಂಡ್ ಹೋಗುತ್ತೆ ಅಂತ ಲೆಕ್ಕ ಹಾಕು.

ಹುಡುಗಿ: ಹಾಕಿದೆ. ಅದಕ್ಕೇ ಹತ್ತು ಅಂದದ್ದು.